ಚುಕ್ಕಿ ನಿಂಬೆವ್ವ

ಬಹಳ ಹಿಂದಿನ ಮಾತು ಕೇಳ್ರವ್ವ. ಎಷ್ಟು ಹಿಂದೆ ಅಂದರೆ, ನಮ್ಮಜ್ಜಿಯ ಅಜ್ಜಿಗೂ ಅದು ಹಳೆಯ ಕಥೆಯೇ. ಕರೇಮಡ್ಡಿ ಅನ್ನುವ ಒಂದು ಊರಲ್ಲಿ ಗಾಜಿನ ಬಳೆ ಮಾಡುವ ನಿಂಬೆವ್ವ ಇದ್ದಳಂತೆ. ಗಂಡ ತೀರಿಕೊಂಡ ಮೇಲೆ ಬಳೆಯ ಭಟ್ಟಿ ನಡೆಸುವವಳು ಆಕೆಯೇ. ಗಾಜು ಕರಗಿಸುವವರಿಗೆ ಬೆಂಕಿಯ ಬಣ್ಣವೇ ಮಾತು. ಕೆಂಪಗಿದ್ದರೆ ಕಾವು ಸಾಲದು, ಹಳದಿಯಾದರೆ ತುಸು ತಡಿ, ಬೆಳ್ಳಗಾದರೆ ಗಾಜು ನೀರಾಯಿತು. ಹಗಲೆಲ್ಲ ಹಾಗೆ ಬೆಂಕಿ ನೋಡಿದವಳು ಸಂಜೆ ಅಂಗಳಕ್ಕೆ ಬಂದು ಮುಗಿಲು ನೋಡಿದಳಂತೆ. ನೋಡಿದರೆ ಚುಕ್ಕಿಗಳದ್ದೂ ಒಂದೇ ಬಣ್ಣವಲ್ಲ!

"ಅವೂ ಭಟ್ಟಿನೇ ಅದಾವ. ಯಾವುದು ಎಷ್ಟು ಉರಿಲಾಕತ್ತದ ಅಂತ ಬೆಳಕೇ ಹೇಳತದ" ಅಂದಳಂತೆ. ಊರು ನಕ್ಕಿತು.

ನಕ್ಕರೇನು, ಆಕೆ ಬಿಡಲಿಲ್ಲ. ಮೂರು ಮೂಲೆಯ ಗಾಜಿನ ತುಂಡೊಂದನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಅದರೊಳಗೆ ಚುಕ್ಕಿಯ ಬೆಳಕು ಒಡೆದು ಬಣ್ಣಬಣ್ಣವಾಗುವುದನ್ನು ನೋಡುತ್ತಿದ್ದಳಂತೆ. ಗುಡ್ಡದ ಮೇಲೆ ಕಾಣುವ ಕೆಂಪನೆಯ ಕೆಂಡಚುಕ್ಕಿಯ ಮೇಲಂತೂ ಬಲು ಜೀವ. ಅದು ಒಮ್ಮೆ ದಪ್ಪ, ಒಮ್ಮೆ ಸಣ್ಣ. ಕಂಡಷ್ಟೇ ಗಾತ್ರದ ಸುಣ್ಣದ ಬೊಟ್ಟು ಭಟ್ಟಿಯ ಗೋಡೆಗೆ ಇಟ್ಟಳು, ಇಟ್ಟಳು, ಹತ್ತು ವರ್ಷ ಇಟ್ಟಳಂತೆ.

ಒಂದು ವರ್ಷ ದಸರಾ ಮುಗಿದ ಮೇಲೆ ತುಂಗವ್ವ ಅನ್ನುವ ಹುಡುಗಿ ಗೌಡರ ಮನೆಗೆ ಸೊಸೆಯಾಗಿ ಬಂದಳು. ಬಂದು ಹದಿನೈದು ದಿನವಾಗಿರಲಿಲ್ಲ, ಕೆಂಡಚುಕ್ಕಿ ಮಂಕಾಗಿ ಕಾಣೆಯಾಯಿತು. ಜನ ಅದನ್ನು ಊರ ಕಾವಲು ಅಂತ ನಂಬಿದ್ದರು. ಅದೇ ತಿಂಗಳು ಗೌಡರ ಎರಡು ಎತ್ತು ಸತ್ತವು. ಚುಕ್ಕಿ ಮೊದಲೂ ಮರೆಯಾಗುತ್ತಿತ್ತು. ಆದರೆ ತಪ್ಪನ್ನು ಯಾರ ತಲೆಗೂ ಕಟ್ಟುವ ಗರಜಿಲ್ಲದಾಗ ಯಾರು ನೋಡುತ್ತಾರೆ? ಹುಡುಗಿಯ ಕಾಲ್ಗುಣ ಸರಿಯಿಲ್ಲ, ತವರಿಗೆ ಅಟ್ಟಬೇಕು ಅಂತ ಹಿರಿಯರು ಕೂತು ಮಾತಾಡಿದರು. ತವರಲ್ಲಿ ಆಕೆಗೆ ಯಾರೂ ಉಳಿದಿರಲಿಲ್ಲ. ಗಂಡ ತಲೆ ತಗ್ಗಿಸಿ ಕೂತಿದ್ದನಂತೆ.

ಯಾರೂ ಕರೆಯದಿದ್ದರೂ ನಿಂಬೆವ್ವ ಅಲ್ಲಿಗೆ ಹೋದಳು.

"ಗೌಡ್ರ, ಈ ಕೂಸು ಬರೂಕಿಂತ ಮೊದಲೂ ಅದು ಹೋಗಿತ್ತು, ಬಂದಿತ್ತು. ನನ್ನ ಗೋಡಿ ನೋಡ ಬರ್ರಿ. ಬೊಟ್ಟಿನ ಲೆಕ್ಕದಾಗ ಶಿವರಾತ್ರಿ ಅಮಾಸಿಗೆ ತಿರುಗಿ ಕಾಣತದ. ಕಾಣಲಿಲ್ಲಂದ್ರ ಭಟ್ಟಿ ಆರಿಸಿ ಈಕಿ ಜೋಡಿ ನಾನೂ ಊರು ಬಿಡ್ತೀನಿ."

ಗೌಡ ಒಪ್ಪಿದ. ಆದರೆ ನಿಂಬೆವ್ವನಿಗೆ ತನ್ನ ಲೆಕ್ಕದ ಮೇಲೇ ಪೂರ್ತಿ ನಂಬಿಕೆ ಇರಲಿಲ್ಲ. ಒಂದು ಮಳೆಗಾಲ ಗೋಡೆ ನೆನೆದು ಕೆಲವು ಬೊಟ್ಟು ಅಳಿಸಿಹೋಗಿದ್ದವು. ಅದಕ್ಕಿಂತ ದೊಡ್ಡದೊಂದು ಸಂಗತಿಯಿತ್ತು, ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಅಮಾಸಿ ಬಂತು. ಹೊತ್ತು ಮುಳುಗಿದ ಮೇಲೆ ಊರೆಲ್ಲ ಕತ್ತೆತ್ತಿ ನೋಡಿತು. ಚುಕ್ಕಿ ಇಲ್ಲ. ನಿಂಬೆವ್ವ ನೀರು ಹೊತ್ತು ತಂದು ಕೈಯಾರೆ ಭಟ್ಟಿ ಆರಿಸಿದಳಂತೆ. ಮೂರನೇ ದಿನ ಗಂಟು ಕಟ್ಟಿಕೊಂಡು ಇಬ್ಬರೂ ಹೊರಟರು. ಊರಾಚೆಯ ಮಡ್ಡಿ ದಿಬ್ಬ ಏರುವಷ್ಟರಲ್ಲಿ ಹೊತ್ತು ಮುಳುಗಿತು. ತುಂಗವ್ವ ಹಿಂತಿರುಗಿ ನೋಡಿ ನಿಂತುಬಿಟ್ಟಳು.

"ಆಯಿ, ಗುಡ್ಡದ ಮ್ಯಾಲ ಕೆಂಪಂದು ಕಾಣಲಾಕತ್ತದ."

"ಯಾರದರ ದೀಪ ಇರಬೇಕು, ನೆಟ್ಟಗ ನೋಡವ್ವ."

"ದೀಪ ಅಲ್ಲ ಆಯಿ. ನಿನಗ ಕಾಣವಲ್ದೇನು?"

ಆಗ ಮೊದಲ ಸಲ ನಿಂಬೆವ್ವ ಬಾಯಿಬಿಟ್ಟಳಂತೆ. "ಬೆಂಕಿ ನೋಡಿ ನೋಡಿ ಕಣ್ಣು ಹೋಗ್ಯಾವ ಮಗಳ. ಎರಡು ವರ್ಷಾತು, ಒಂದು ಚುಕ್ಕಿನೂ ಕಾಣಂಗಿಲ್ಲ. ನೀ ಕಂಡಿ ಅಂದ್ರ ಅದ ಖರೆ."

ತುಂಗವ್ವ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದಳು ಅನ್ನುವವರಿದ್ದಾರೆ, ಕೈಹಿಡಿದು ನಡೆಸಿಕೊಂಡು ಬಂದಳು ಅನ್ನುವವರೂ ಇದ್ದಾರೆ. ಹೇಗೋ, ಗೌಡರ ಬಾಗಿಲಿಗೆ ಬಂದು, "ಮಾವ, ಹೊರಗ ಬರ್ರಿ, ಮ್ಯಾಲ ನೋಡ್ರಿ" ಅಂದಳಂತೆ. ಗೌಡ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ, ತನ್ನ ಒಲೆಯ ಕೆಂಡ ತಂದು, ತಾನೇ ಕೂತು ಭಟ್ಟಿ ಹೊತ್ತಿಸಿದನಂತೆ. ನಿಂಬೆವ್ವ ಇರುವತನಕ ತುಂಗವ್ವನೇ ಆಕೆಯ ಕಣ್ಣಾದಳು.

ಈಗಲೂ ಶಿವರಾತ್ರಿ ಅಮಾಸಿಯಾದ ಮೂರನೇ ಸಂಜೆ ಕರೇಮಡ್ಡಿಯ ಸೊಸೆಯರೆಲ್ಲ ಮಡ್ಡಿಗೆ ಹೋಗುತ್ತಾರೆ. ಅತ್ತೆ ಮಾವಂದಿರು ಒಲೆ ಹೊತ್ತಿಸದೆ ಕಾದು ಕೂರುತ್ತಾರೆ. ಸೊಸೆ ಬಂದು ಏನು ಕಂಡೆ ಅಂತ ಹೇಳುತ್ತಾಳೋ ಅದನ್ನು ಒಪ್ಪಿಕೊಂಡೇ ಒಲೆಗೆ ಬೆಂಕಿ ಹಾಕಬೇಕು. ಮುಗಿಲ ತುಂಬ ಮೋಡವಿದ್ದರೂ ಅಷ್ಟೇ, ಎದುರು ಮಾತಾಡುವ ಹಾಗಿಲ್ಲ.