ಅಂಗೈಗೆ ತಗಲಿದ ಉಸಿರು

ಮಾತಿಗೂ ಮೊದಲು ನಮಗೆ ಉಸಿರನ್ನು ಕೊಟ್ಟ ಶಿವನಿಗೆ ಶರಣು.

"ಬುದ್ಧಿ, ಬಲಿತ ನಾಲಗೆ ತಿರುಗುತ್ತದೆಯೇ?" ಎಂದು ಶಿಷ್ಯ ಗುರುಮಲ್ಲಪ್ಪ ಗುರುಗಳನ್ನು ಕೇಳಿದ.

ಪರದೇಶದಿಂದ ಮಠಕ್ಕೆ ಬರುವ ಭಕ್ತರಿಗೆ ಗುರುಗಳ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಓದಿಕೊಂಡವನೇ, ಆದರೆ ಉಚ್ಚಾರ ಊರಿನದು. ಸಂಕೋಚದಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದ.

"ನಾನು ಬಾಯಿ ಬಿಟ್ಟರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಲವತ್ತು ದಾಟಿದ ಮೇಲೆ ಇದೆಲ್ಲ ಸರಿಹೋಗುವ ಮಾತೇ? ಬೇರೆ ಯಾರಿಗಾದರೂ ವಹಿಸಿಬಿಡಿ ಬುದ್ಧಿ."

ಗುರುಗಳು ನಕ್ಕು, "ಕೂತುಕೋ ಮಗು" ಎಂದು ಈ ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ನಮ್ಮ ಕಡೆಯವನೇ. ವಯಸ್ಸಾದ ಮೇಲೆ ಹೊಟ್ಟೆಪಾಡಿಗೆ ಅಲ್ಲಿಗೆ ಹೋದವನು. ಪರದೇಶದ ಹಡಗಿನಿಂದ ಸರಕು ಇಳಿಯುವಾಗ ಕೂಗಿ ಹೇಳುವುದು ಅವನ ಕೆಲಸ. ಹಡಗಿನ ಮೇಲೆ ಯಂತ್ರ ನಡೆಸುವವನಿಗೆ ಕೆಳಗಿನ ಜನ ಕಾಣುತ್ತಿರಲಿಲ್ಲ. ಮೇಸ್ತ್ರಿಯ ಕೂಗೇ ಅವನಿಗೆ ಕಣ್ಣು. ತಡೆ ಎನ್ನಲು ಇಂಗ್ಲಿಷಿನಲ್ಲಿ ಹೋಲ್ಡ್ ಎನ್ನಬೇಕು. ಮೇಸ್ತ್ರಿ ಓಲ್ಡು ಎನ್ನುತ್ತಿದ್ದ. ನಮ್ಮ ಕಡೆಯ ನಾಲಗೆಗೆ ಹಕಾರವೆಂದರೆ ಸೋಮಾರಿತನ. ಕೊನೆಗೊಂದು ಉಕಾರ ಸೇರಿಸದಿದ್ದರೆ ಸಮಾಧಾನವಿಲ್ಲ. ಆದರೆ ಆ ಭಾಷೆಯಲ್ಲಿ ಓಲ್ಡ್ ಎಂದರೆ ಮುದುಕ.

ಒಮ್ಮೆ ಅವನು ಕೂಗಿದರೂ ಸರಕು ನಿಲ್ಲದೆ ನೆಲಕ್ಕೆ ಅಪ್ಪಳಿಸಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮೇಸ್ತ್ರಿಯ ಹೆಂಡತಿಯ ತಮ್ಮನೂ ಅಲ್ಲೇ ಕೂಲಿ. ಅವನು ಎಲ್ಲರೆದುರು, "ಭಾವ, ಮುದುಕ ಯಾರು ಅಂತ ಹಡಗಿನವರು ಕೇಳ್ತಾವ್ರೆ. ಕೈ ಎತ್ತಿಬಿಡಿ" ಎಂದ.

ಹಡಗಿನ ಕಪ್ತಾನ ನಗಲಿಲ್ಲ. ತಾನು ಮರಳಿ ಬರುವಷ್ಟರಲ್ಲಿ ಕೂಗು ತಿಳಿಯುವಂತಾಗದಿದ್ದರೆ ಆ ಜಾಗದಲ್ಲಿ ಬೇರೆಯವನು ನಿಲ್ಲುತ್ತಾನೆ ಎಂದು ತಿಳಿಸಿ, ಆ ಮಾತನ್ನು ತನ್ನೆದುರೇ ಹೇಳಿಸಿದ. ಮೇಸ್ತ್ರಿ ನಾಚಿ, ಬಾಯಿಗೆ ಕೈ ಅಡ್ಡ ಹಿಡಿದು ಓಲ್ಡು ಎಂದ. ಮಾತಿನ ಮೊದಲಲ್ಲಿ ಅಂಗೈಗೆ ಏನೂ ತಗಲಲಿಲ್ಲ. ಕೊನೆಯಲ್ಲಿ ಬೆಚ್ಚನೆಯ ಉಸಿರು ತಗಲಿತು.

ಅವನಿಗೆ ಏನೋ ಹೊಳೆಯಿತು. ತೀರ್ಥಕ್ಕೆ ಒಡ್ಡುವಂತೆ ಅದೇ ಕೈಯನ್ನು ಕಪ್ತಾನನ ಬಾಯಿಯ ಮುಂದೆ ಒಡ್ಡಿದ. ಕಪ್ತಾನ ಬೆರಗಾಗಿ ಹೋಲ್ಡ್ ಎಂದ. ಉಸಿರು ಮೊದಲಲ್ಲೇ ಬಂದು ಬಡಿಯಿತು. ಕೊನೆಯಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಮೇಸ್ತ್ರಿ ಪೂಜೆ ಮುಗಿಸಿ, ದೇವರ ಮುಂದೆಯೇ ಕೂತು, ಅಂಗೈಗೆ ಆ ಮಾತು ಹೇಳತೊಡಗಿದ.

"ಇದ್ಯಾವ ಮಂತ್ರ?" ಎಂದಳು ಹೆಂಡತಿ.

"ನಿನ್ನ ತಮ್ಮನ್ನ ಕಾಯೋ ಮಂತ್ರ" ಎಂದ.

ಕೈಗೆ ಏನೂ ತಗಲದೆ ಎಷ್ಟೋ ಸಲ ಸೋತು ಎದ್ದ. ಶಿವನನ್ನು ನೆನೆದು ಮತ್ತೆ ಕೂತ. ಒಂದು ಬೆಳಗ್ಗೆ ಉಸಿರು ಬಂದು ಅಂಗೈಗೆ ಬಡಿಯಿತು. ಮಾತು ಮುಗಿಯಬೇಕಾದಲ್ಲಿ ಮುಗಿಯಿತು. ಆ ಕೈಯನ್ನು ಕಣ್ಣಿಗೊತ್ತಿಕೊಂಡ.

ಹಡಗು ಮರಳಿ ಬಂತು. ಮರದ ದಿಮ್ಮಿಗಳು ಇಳಿಯುತ್ತಿದ್ದಾಗ ಭಾವಮೈದುನನ ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿತು. ದಿಮ್ಮಿಗಳು ಅವನ ತಲೆಯ ಮೇಲಕ್ಕೇ ಬರುತ್ತಿದ್ದವು. ಮೇಸ್ತ್ರಿ ಎದೆ ತುಂಬ ಉಸಿರೆಳೆದು, ಕೈ ಕೆಳಗಿಟ್ಟು, ಹೋಲ್ಡ್ ಎಂದು ಕೂಗಿದ.

ದಿಮ್ಮಿಗಳು ಗಾಳಿಯಲ್ಲೇ ನಿಂತವು.

ಬಂದರಿಗೆ ಬಂದರೇ ಕೇಕೆ ಹಾಕಿತು. ಕಪ್ತಾನ ಮೇಲಿನಿಂದ ಟೋಪಿ ತೆಗೆದು ವಂದಿಸಿದ. ಭಾವಮೈದುನ ಹಗ್ಗ ಬಿಡಿಸಿಕೊಂಡು ಬಂದು ಕಾಲು ಹಿಡಿದ. "ಭಾವ, ಇನ್ನು ನಾನೂ ಮುದುಕನಾಗಬಹುದು" ಎಂದ.

ಮೇಸ್ತ್ರಿಯ ಉಳಿದ ಮಾತುಗಳೂ ಒಂದೊಂದಾಗಿ ಅದೇ ಅಂಗೈಯ ಮುಂದೆ ತಿದ್ದಿಕೊಂಡವು.

ಕತೆ ಮುಗಿಸಿ ಗುರುಗಳು ಶಿಷ್ಯನನ್ನು ನೋಡಿದರು.

"ಇಷ್ಟು ದಿನ ಗುರುವನ್ನು ಬಾಯಿಯ ಮುಂದೆಯೇ ಇಟ್ಟುಕೊಂಡು, ನನ್ನನ್ನೇಕೆ ಕೇಳುತ್ತೀ ಮಗು?"

ಗುರುಮಲ್ಲಪ್ಪ ತನ್ನ ಕೈಯನ್ನು ಮೆಲ್ಲಗೆ ಇಳಿಸಿ ನೋಡಿಕೊಂಡ.

ಈ ಕತೆಗೆ ಕಿವಿಗೊಟ್ಟ ಎಲ್ಲರ ನಾಲಗೆಯ ಮೇಲೂ ಶಿವನು ನೆಲೆಸಲಿ. ಅಂಜಿದ ಬಾಯಿಗಳಿಗೆ ಅವನ ಉಸಿರು ಒದಗಿ ಬರಲಿ.