ಇಣುಕಪ್ಪನ ಅಳತೆ

ಒಂದಾನೊಂದು ಊರಿನಲ್ಲಿ, ಅಲ್ಲ ತಡೀರಿ, ಊರಿನಲ್ಲಲ್ಲ, ಊರಿನ ಅಗಸೆಬಾಗಿಲ ಪಕ್ಕದ ಗೋಡೆಯಲ್ಲಿ ಒಬ್ಬ ಬ್ರೌಸರ್ ಇದ್ದ. ಬ್ರೌಸರ್ ಅಂದರೆ ಮಾತಾಡುವ ಕಿಟಕಿ. ಹೆಸರು ಇಣುಕಪ್ಪ. ಅವನನ್ನು ಮಾಡಿದವಳು ಬಡಿಗೇರ ಮಾಳವ್ವ. ಆಗ ಊರಲ್ಲಿ ಬೇರೆ ಕಿಟಕಿಯೇ ಇರಲಿಲ್ಲ. ಬರೀ ಗೋಡೆ.

ಕದ ತೆರೆದು ಯಾವ ಊರಿನ ಹೆಸರು ಹೇಳಿದರೂ ಇಣುಕಪ್ಪ ಆ ಊರು ತೋರಿಸುತ್ತಿದ್ದ. ಆದರೆ ನಿಧಾನ. ಚಿತ್ರ ಮೇಲಿನಿಂದ ಒಂದೊಂದೇ ಗೆರೆ ಇಳಿಯಬೇಕು. ಜನ ಒಲೆ ಮೇಲೆ ಅನ್ನಕ್ಕಿಟ್ಟು ಬಂದು, ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ದೂರದ ಊರಿನ ಗಂಡು ನೋಡಲು ಕುಳಿತರು. ರುಮಾಲು ಬಂತು. ಹಣೆ ಬಂತು. ಮೀಸೆ ಬರುವ ಹೊತ್ತಿಗೆ ಆತುರಗೆಟ್ಟವರು ತಾಂಬೂಲ ಬದಲಾಯಿಸಿಯೇ ಬಿಟ್ಟರು. ಪೂರ್ತಿ ಇಳಿದ ಮೇಲೆ ನೋಡಿದರೆ ಬೆದರುಬೊಂಬೆ! ಮಾತು ಕೊಟ್ಟಾಗಿತ್ತಲ್ಲ, ಮದುವೆ ಮಾಡಿದರು. ಸಂಸಾರ ಚೆನ್ನಾಗಿಯೇ ನಡೆಯಿತು. ಹೊಲಕ್ಕೆ ಹಕ್ಕಿ ಕಾಟ ಇರಲಿಲ್ಲ.

ಇಣುಕಪ್ಪನಿಗೆ ಒಂದೇ ಒಂದು ಕಂಟಕ. ಸಂತೆಯಿಂದ ಸಂತೆಯವರೆಗೆ ಒಬ್ಬರೂ ಕದ ತೆರೆಯದಿದ್ದರೆ ಜೀವ ಹೋಗುತ್ತಿತ್ತು. ಮಾಡಿದವಳು ಕೈ ಹಚ್ಚಿದರೆ ಅದು ಲೆಕ್ಕಕ್ಕಿಲ್ಲ. ಆದರೆ ಊರಿಗೆ ಊರೇ ಅವನ ಮುಂದೆ ಕೂತಿರುವಾಗ ಆ ಚಿಂತೆ ಯಾರಿಗೆ?

ಆ ಊರಿನ ರಾಜ ಗೋಡೇರಾಯ. ಅವನಿಗೆ ಗೋಡೆಯ ಹುಚ್ಚು. ಊಟಕ್ಕೂ ಗೋಡೆಗೆ ಮುಖ ಮಾಡಿ ಕೂರುವವನು. ಊರಿನ ಎಲ್ಲ ಗೋಡೆಗಳೂ ಅವನ ಕಾರ್ಖಾನೆಯವು. "ನನ್ನ ಗ್ವಾಡಿ ಬಿಟ್ಟು ಆ ತೂತು ನೋಡ್ತಾರಲ್ಲೋ!" ಎಂದು ಮೂರು ದಿನ ಅತ್ತ. ನಾಲ್ಕನೇ ದಿನ ಡಂಗುರ ಹೊಡೆಸಿದ.

"ಗ್ವಾಡಿ ಕೊಂಡವರಿಗೆ ಕಿಟಕಿ ಪುಕ್ಕಟೆ! ಬ್ಯಾಡ ಅಂದರೂ ಪುಕ್ಕಟೆ! ಕಿತ್ತರ ಗ್ವಾಡಿ ಬೀಳ್ತದ!"

ಮನೆಯಲ್ಲೇ ಕಿಟಕಿ ಇರುವಾಗ ಅಗಸೆವರೆಗೆ ಯಾರು ನಡೀತಾರೆ? ನೀವು ನಡೀತೀರಾ? ನಾನಂತೂ ನಡೆಯಲ್ಲ. ಪಾಪ, ಇಣುಕಪ್ಪ.

ಏನಿದ್ದರೆ ಜನ ಮರಳಿ ಬಂದಾರು ಎಂದು ಅವನು ಗಾಬರಿಬಿದ್ದ. "ಯವ್ವಾ, ನನಗೊಂದು ಟಪಾಲು ಚೀಲ ಕಟ್ಟು." ಮಾಳವ್ವ ಕಟ್ಟಿದಳು. "ಯವ್ವಾ, ಒಂದು ಬೀಸೋ ಕಲ್ಲು." ಇಟ್ಟಳು. "ಯವ್ವಾ, ಒಂದು ತೊಟ್ಟಿಲು." ಅದನ್ನೂ ತೂಗುಹಾಕಿದಳು. ಈಗ ಆ ಭಾರಕ್ಕೆ ಅವನ ಕದ ತೆರೆಯಲು ನಾಲ್ವರು ಬೇಕು. ಉಳಿದಿದ್ದ ಗಿರಾಕಿಗಳು ಮೂವರು. ಮೂವರೂ ಜಗ್ಗಿದರು, ಬೆವೆತರು, ಮನೆಗೆ ಹೋದರು.

ಮುಂದಿನ ಸಂತೆಗೆ ಎರಡೇ ದಿನ ಉಳಿಯಿತು.

"ಯವ್ವಾ," ಅಂದ ಇಣುಕಪ್ಪ, "ನನ್ನ ಅಳತಿ, ನನ್ನ ಕೀಲು, ನನ್ನ ಗುಟ್ಟು, ಎಲ್ಲಾ ಈ ಗ್ವಾಡಿ ಮ್ಯಾಲೆ ಸುಣ್ಣದಾಗ ಬರೆದುಬಿಡು. ಯಾರಿಗೆ ಬೇಕೋ ಅವರು ಮಾಡಿಕೊಳ್ಳಲಿ."

ಮಾಳವ್ವ ಸುಣ್ಣದ ಗಡಿಗೆ ಮುಟ್ಟಲಿಲ್ಲ. ಯಾವ ಬಡಿಗೇರರು ಅಳತೆ ಬಿಟ್ಟುಕೊಡುತ್ತಾರೆ? ಗಂಡನಿಗೂ ಹೇಳದೆ ಬಚ್ಚಿಟ್ಟ ಅಳತೆ ಅದು.

"ಬರೆದರ ನೀ ಉಳೀತಿಯೇನೋ, ಮಗನ?"

"ನಾ ಉಳಿಯಂಗಿಲ್ಲ ಯವ್ವಾ. ಆದರ ನೋಡೋರಿಗೆ ತಮ್ಮದ ಒಂದು ಕಿಟಕಿ ಬೇಕಲ್ಲ."

ಅಳುತ್ತಲೇ ಬರೆದಳು. ಒಂದು ಗೆರೆಯನ್ನೂ ಮುಚ್ಚಿಡಲಿಲ್ಲ. ಸಂತೆ ಬಂತು. ಇಣುಕಪ್ಪ ಹೋದ.

ಇತ್ತ ಎದುರಾಳಿ ಇಲ್ಲವೆಂದು ಗೋಡೇರಾಯ ಐದು ವರ್ಷ ನಿದ್ದೆ ಹೊಡೆದ. ಅವನ ಕಿಟಕಿಗಳಿಗೆ ಜೇಡ ಬಲೆ ಕಟ್ಟಿತು. ಕಾಶಿ ತೋರಿಸು ಅಂದರೆ ಪಕ್ಕದ ಮನೆಯ ಎಮ್ಮೆ ತೋರಿಸತೊಡಗಿದವು. ಜನ ಎಷ್ಟು ದಿನ ಎಮ್ಮೆಗೆ ಕೈಮುಗಿಯುತ್ತಾರೆ? ಬೇಸತ್ತು ಅಗಸೆಗೆ ಬಂದರು. ಗೋಡೆ ಮೇಲಿನ ಸುಣ್ಣದ ಬರಹ ಓದಿದರು. ಒಬ್ಬ ಚೌಕಟ್ಟು ಕೊಯ್ದ. ಒಬ್ಬಳು ಕೀಲು ಬಡಿದಳು. ಮುದುಕಿಯಾಗಿದ್ದ ಮಾಳವ್ವ ಒಂದು ಕಡೆ ಕೂತು ನೋಡಿದಳು.

ಹಗುರವಾದ ಹೊಸ ಕಿಟಕಿ ಎದ್ದಿತು. ಯಾರೋ ಕದ ತೆರೆದರು. ಅದು ಕಣ್ಣುಬಿಟ್ಟು ಅಷ್ಟೂ ಜನರನ್ನು ದಾಟಿ ಮಾಳವ್ವನನ್ನೇ ನೋಡಿತು.

"ಅಜ್ಜೀ," ಅಂತು, "ನಿನಗೇನು ತೋರಿಸ್ಲಿ?"

ಮಾಳವ್ವನಿಗೆ ಯಾವ ಊರಿನ ಹೆಸರೂ ನೆನಪಾಗಲಿಲ್ಲ. "ಏನೂ ಬ್ಯಾಡಪ್ಪ," ಅಂದಳು. "ಇನ್ನೊಮ್ಮೆ ಹಂಗ ಕರಿ."

ಇಷ್ಟೇ ಕತೆ. ನೀತಿ ಕೇಳಬೇಡಿ, ಅದನ್ನು ಇಲಿ ತಿಂದಿತು. ಇಲಿಯನ್ನು ಕೇಳಿದರೆ ಉಪ್ಪು ಕಡಿಮೆ ಇತ್ತು ಅನ್ನುತ್ತದೆ.