ಚಿಪ್ಪು ಉಳಿಯಿತು, ಬಾಲ ಹೋಯಿತು

ಮಕ್ಕಳೇ, ಹತ್ತಿರ ಬನ್ನಿ. ಒಂದೇ ಸಲ ಹೇಳುತ್ತೇನೆ.

ಒಂದು ಕುರುಚಲು ಕಾಡು. ಅದರ ಕೆಳಗೆ ಒಂದು ನೀರಿನ ಹೊಂಡ. ಎರಡರ ನಡುವೆ ಬೋಳು ಬಯಲು. ಅಲ್ಲಿ ಅಡಗಲು ಹುಲ್ಲಿನ ಮರೆಯೂ ಇಲ್ಲ.

ಬಯಲಿನಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಕೆಂಚ ಎಂಬ ನರಿ. ಅವನು ಯಾರನ್ನೂ ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಯಾರು ಯಾವ ಪೊದೆಯಿಂದ ಹೊರಟು ನೀರಿಗೆ ಬಂದರು ಎಂದು ಸುಮ್ಮನೆ ನೋಡುತ್ತಿದ್ದ. ಆ ಪೊದೆಯನ್ನು ನೆನಪಿಡುತ್ತಿದ್ದ. ಮರುದಿನ ಅವರು ನೀರಿಗೆ ಹೋದಾಗ ಅವರ ಮನೆಗೆ ನುಗ್ಗುತ್ತಿದ್ದ. ಮೊಟ್ಟೆ, ಮರಿ, ಏನು ಸಿಕ್ಕಿದರೆ ಅದು.

ಇದಕ್ಕೆ ಮದ್ದು ಕಂಡುಹಿಡಿದವನು ಚಿಪ್ಪಜ್ಜ. ಅವನೊಂದು ಚಿಪ್ಪುಹಂದಿ. ಮೈತುಂಬ ಚಿಪ್ಪು. ಬಾಯಲ್ಲಿ ಹಲ್ಲಿಲ್ಲ, ಮಾತೂ ಕಮ್ಮಿ. ಉಗುರು ಮಾತ್ರ ಗುದ್ದಲಿಯಂಥದ್ದು. ಬಯಲಿನ ಅಡಿಯಲ್ಲೇ ಒಂದು ಸುರಂಗ ತೋಡಿದ. ಕಾಡಿನ ಕಡೆ ಪೊದೆಗೊಂದು ಬಾಯಿ. ಹೊಂಡದ ಕಡೆ ಜೊಂಡುಹುಲ್ಲಿನ ಮರೆಯಲ್ಲಿ ಒಂದೇ ಬಾಯಿ. ಕೆಂಚನಿಗೆ ಹೊಂಡದ ಹತ್ತಿರ ಮೊಲ ಕಂಡರೂ ಅದು ಎಲ್ಲಿಂದ ಬಂತು ಎಂದು ತಿಳಿಯುತ್ತಿರಲಿಲ್ಲ. ಒಳಗೆ ನುಗ್ಗಿದರೂ ಲಾಭವಿಲ್ಲ. ಅವನು ಒಂದು ಬಾಯಿಯಲ್ಲಿ ನುಗ್ಗಿದರೆ ಉಳಿದವರು ಇನ್ನೊಂದರಿಂದ ಪರಾರಿ.

ಸಂಜೆ ಎಲ್ಲರೂ ನೀರು ಕುಡಿದು ಮನೆ ಸೇರಿದ ಮೇಲೆ ಚಿಪ್ಪಜ್ಜ ಸುರಂಗದ ಉದ್ದಕ್ಕೂ ಒಮ್ಮೆ ನಡೆದು ಬರುತ್ತಿದ್ದ. ಅವನ ಬಾಲ ದಪ್ಪ, ಭಾರ. ನೆಲಕ್ಕೆ ಎಳೆಯುತ್ತಿತ್ತು. ಅವನು ನಡೆದದ್ದೇ ಸಾಕು, ಎಲ್ಲರ ಹೆಜ್ಜೆಯೂ ಅಳಿಸಿ ಹೋಗುತ್ತಿತ್ತು.

ಬಾಡಿಗೆ ಇತ್ತು. ಎಲ್ಲಿ ಗೆದ್ದಲು ಕಂಡರೂ ಚಿಪ್ಪಜ್ಜನಿಗೆ ಹೇಳಬೇಕು. ಅವನ ಊಟ ಅದೇ.

ಸುರಂಗ ಬಳಸುವವರಲ್ಲಿ ಹೊನ್ನಿ ಎಂಬ ಹೆಣ್ಣು ಮೊಲವಿತ್ತು. ಕಾರೆಪೊದೆಯಲ್ಲಿ ಅವಳ ಮನೆ. ಮೂರು ಮರಿ. ಹೊನ್ನಿಗೆ ಎರಡು ವಿಷಯದಲ್ಲಿ ಬಲು ಹೆಮ್ಮೆ. ಒಂದು, ಮರಿಗಳು. ಇನ್ನೊಂದು, ಸುರಂಗ.

"ನನ್ನ ಮಕ್ಕಳು ಎಲ್ಲಿದ್ದಾರೆ ಅಂತ ಈ ಕಾಡಲ್ಲಿ ಒಂದು ನೊಣಕ್ಕೂ ಗೊತ್ತಿಲ್ಲ," ಎನ್ನುತ್ತಿದ್ದಳು. "ನಾವು ಚಿಪ್ಪಜ್ಜನ ಸುರಂಗದವರು!"

ಹಾಗೆ ಹೇಳುವಾಗ ಅವಳ ಎರಡೂ ಕಿವಿ ನೆಟ್ಟಗಾಗುತ್ತಿದ್ದವು.

ಒಂದು ದಿನ ಚಿಪ್ಪಜ್ಜ ಹೊರಟುಹೋದ. ಸುತ್ತ ಗೆದ್ದಲು ಮುಗಿದಿತ್ತು, ವಯಸ್ಸೂ ಆಗಿತ್ತು. ಕಸ್ತೂರಪ್ಪ ಎಂಬ ಪುನುಗುಬೆಕ್ಕು ಅವನಿಗೆ ದೂರದ ಗುಡ್ಡದಲ್ಲಿ ಹುತ್ತಗಳ ಸಾಲನ್ನೇ ತೋರಿಸಿದ್ದ. ಚಿಪ್ಪಜ್ಜ ಗುಡ್ಡ ಹಿಡಿದ. ಸುರಂಗ ಕಸ್ತೂರಪ್ಪನದಾಯಿತು.

ಕಸ್ತೂರಪ್ಪನ ಮೈ ಘಮಘಮ ಎನ್ನುತ್ತಿತ್ತು. ಮಾತು ಅದಕ್ಕಿಂತ ಘಮಘಮ. ಎಲ್ಲರನ್ನೂ ಕರೆದು ನಿಲ್ಲಿಸಿದ.

"ಅಕ್ಕಂದಿರೇ, ಅಣ್ಣಂದಿರೇ, ಏನೂ ಬದಲಾಗಿಲ್ಲ. ಹೆಸರು ಅದೇ, ಚಿಪ್ಪಜ್ಜನ ಸುರಂಗ. ನೋಡಿ, ಅಜ್ಜನ ಮೈಮೇಲಿಂದ ಬಿದ್ದ ಚಿಪ್ಪನ್ನೇ ಬಾಗಿಲಿಗೆ ಸಿಕ್ಕಿಸಿದ್ದೀನಿ. ದಿನಾ ಬಾಗಿಲು ಗುಡಿಸ್ತೀನಿ. ಒಂದು ಹೆಜ್ಜೆ ಕಾಣಲ್ಲ, ಇದು ನನ್ನ ಮಾತು. ಒಳಗೆ ನೆಲ ಒರಟಾಗಿತ್ತಲ್ಲ, ನಿಮ್ಮ ಕಾಲಿಗೆ ಹಿತವಾಗಲಿ ಅಂತ ಹೊಂಡದ ನುಣುಪು ಗೋಡುಮಣ್ಣು ತಂದು ಹಾಸಿದ್ದೀನಿ. ಇನ್ನು ಬಾಡಿಗೆ? ಬೇಡವೇ ಬೇಡ. ಎಲ್ಲ ಬಿಟ್ಟಿ!"

ಎಲ್ಲರೂ ಹೋ ಎಂದರು. ಮುಳ್ಳುಹಂದಿ ಸೂಜವ್ವ ಒಬ್ಬಳು ಹೋ ಎನ್ನಲಿಲ್ಲ.

"ಬಿಟ್ಟಿ ಕೊಡೋನ ಹೊಟ್ಟೆ ತುಂಬಿಸೋರು ಯಾರಪ್ಪಾ?" ಎಂದಳು.

ಕಸ್ತೂರಪ್ಪ ನಕ್ಕ. "ಸೂಜವ್ವಾ, ನಿನ್ನ ಮೈಯೆಲ್ಲ ಮುಳ್ಳು, ಮಾತೂ ಮುಳ್ಳೇ. ನನ್ನ ಹೊಟ್ಟೆ ಎಷ್ಟು ದೊಡ್ಡದು? ಎರಡು ಅತ್ತಿಹಣ್ಣು ಸಾಕು."

ಹೊನ್ನಿ ಸೂಜವ್ವನನ್ನೇ ಗದರಿದಳು. "ಚಿಪ್ಪಜ್ಜನ ಹೆಸರಿರೋ ಕಡೆ ಅನುಮಾನ ಪಡ್ತೀಯಲ್ಲ, ನಾಚಿಕೆ ಆಗಲ್ವಾ? ಯಾರು ಕೂತರೇನು? ಸುರಂಗ ಅದೇ ತಾನೇ?"

"ತೋಡಿದೋನು ಬೇರೆ, ಕೂತೋನು ಬೇರೆ ಕಣೇ," ಎಂದು ಸೂಜವ್ವ ತನ್ನ ಬಿಲಕ್ಕೆ ಹೋದಳು. ಆಮೇಲೆ ಅವಳು ಸುರಂಗದ ಕಡೆ ತಲೆ ಹಾಕಲಿಲ್ಲ. ಕೆಂಚ ನೋಡಿದರೆ ನೋಡಲಿ ಎಂದು ಬಯಲಿನಲ್ಲೇ ಮುಳ್ಳು ಝಲ್ಲೆನಿಸುತ್ತ ನೀರಿಗೆ ಹೋಗುತ್ತಿದ್ದಳು.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ಸುರಂಗದ ಬಾಯಿಗಳು ತೊಳೆದ ತಟ್ಟೆಯಂತೆ ಫಳಫಳ. ಬಾಗಿಲ ಚಿಪ್ಪನ್ನು ಕಸ್ತೂರಪ್ಪ ಬೆಳಗ್ಗೆ ಎದ್ದು ಉಜ್ಜುತ್ತಿದ್ದ.

ಒಂದು ಸಂಜೆ, ಸುರಂಗದಲ್ಲೇ ನೀರಿಗೆ ಹೋಗಿಬರುವ ಗೌಜಲಹಕ್ಕಿ ಗಂಗವ್ವ ಎದೆ ಬಡಿದುಕೊಂಡು ಬಂದಳು.

"ಹೋಯ್ತು ಹೊನ್ನಕ್ಕಾ! ಮೊಟ್ಟೆಯೆಲ್ಲ ಹೋಯ್ತು! ನೀರು ಕುಡಿದು ಬರೋದರೊಳಗೆ ಕೆಂಚ ಬಂದು ಹೋಗಿದ್ದಾನೆ. ನೇರ ನನ್ನ ಗೂಡಿಗೇ ಬಂದಿದ್ದಾನೆ ಕಣಕ್ಕಾ. ಆ ಕಡೆ ಈ ಕಡೆ ಹುಡುಕಿದ ಗುರುತೇ ಇಲ್ಲ."

"ನಿನ್ನ ಬಾಯಿ ಸುಮ್ಮನಿರುತ್ತಾ ಗಂಗವ್ವಾ?" ಎಂದಳು ಹೊನ್ನಿ. "ಬೆಳಗಾದರೆ ಕೂಗ್ತೀಯ, ಸಂಜೆಯಾದರೆ ಕೂಗ್ತೀಯ. ಕೆಂಚನಿಗೆ ಕಿವಿ ಇಲ್ವಾ? ನನ್ನ ನೋಡು. ತುಟಿ ಬಿಚ್ಚಲ್ಲ."

ಗಂಗವ್ವ ಅಳುತ್ತ ಹೋದಳು. ಅವಳು ಕೂಗುವ ಹಕ್ಕಿ ನಿಜ. ಆದರೆ ಹುಟ್ಟಿದಾಗಿನಿಂದ ಕೂಗುತ್ತಲೇ ಇದ್ದಳು. ಚಿಪ್ಪಜ್ಜ ಇದ್ದಾಗ ಅವಳ ಒಂದು ಮೊಟ್ಟೆಯೂ ಹೋಗಿರಲಿಲ್ಲ. ಹೊನ್ನಿ ಅದನ್ನು ಯೋಚಿಸಲಿಲ್ಲ. ಹೆಮ್ಮೆ ಇದ್ದ ಕಡೆ ಯೋಚನೆ ತಡವಾಗಿ ಬರುತ್ತದೆ.

ಮರುದಿನ ಹೊನ್ನಿ ನೀರು ಕುಡಿದು ಬಂದಳು. ಕಾರೆಪೊದೆಯ ಮುಂದೆ ಕೆಂಪು ಕೂದಲು. ಒಳಗೆ ಮೂರು ಮರಿಗಳೂ ಮುಳ್ಳಿನ ಸಂದಿಯಲ್ಲಿ ಒಂದರ ಮೇಲೊಂದು ಮುದುಡಿದ್ದವು. ಕಿರಿಯವಳ ಕಿವಿಯ ತುದಿ ಹರಿದು ನೆತ್ತರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಕೆಂಪು ಮೂತಿಯವನು ಬಂದಿದ್ದ," ಎಂದಿತು ಮರಿ. "ಮುಳ್ಳು ಚುಚ್ಚಿ ವಾಪಸು ಹೋದ. ನಾಳೆ ಬರ್ತೀನಿ ಅಂದ."

ಹೊನ್ನಿಯ ಕಿವಿಗಳು ಬೆನ್ನಿಗೆ ಬಿದ್ದವು. ಮರಿಯ ಕಿವಿ ನೆಕ್ಕುತ್ತ ಕೂತಳು. ಈಗ ಯೋಚನೆ ಬಂತು.

ತಾನು ಕೂಗುವವಳಲ್ಲ. ಬಯಲಿಗೆ ಕಾಲಿಟ್ಟವಳಲ್ಲ. ತಾನು ಈ ಪೊದೆಗೆ ಬರುತ್ತೇನೆ ಎಂದು ತಿಳಿದದ್ದು ಯಾರಿಗೆ? ಸುರಂಗದ ನೆಲಕ್ಕೆ ಮಾತ್ರ.

ಎದ್ದು ಸುರಂಗಕ್ಕೆ ಹೋದಳು. ಬಾಯಿಯಲ್ಲಿ ಒಂದು ಹೆಜ್ಜೆಯೂ ಇಲ್ಲ. ಇನ್ನೂ ಒಳಗೆ, ಕತ್ತಲಿಗೆ ಹೋಗಿ ನಿಂತು ಮುಂಗಾಲಿನಿಂದ ನೆಲ ತಡವಿದಳು. ಮೆತ್ತನೆಯ ಗೋಡು. ಅದರಲ್ಲಿ ಅಚ್ಚು ಒತ್ತಿದಂತೆ ಹೆಜ್ಜೆಗಳು. ಇವತ್ತಿನವು, ನಿನ್ನೆಯವು. ಗಂಗವ್ವನ ಬೆರಳು ಅವಳ ಗೂಡಿನ ಕಡೆಗೆ. ತನ್ನ ಪಾದ ಕಾರೆಪೊದೆಯ ಕಡೆಗೆ.

ಸೂಜವ್ವನ ಬಿಲಕ್ಕೆ ಓಡಿದಳು. ನಡೆದದ್ದೆಲ್ಲ ಹೇಳಿದಳು.

"ಹೋಗಿ ಕಸ್ತೂರಪ್ಪನ ಮೂತಿಗೆ ಒಂದು ಕೊಡು," ಎಂದಳು ಸೂಜವ್ವ.

"ಇರು," ಎಂದಳು ಹೊನ್ನಿ. "ಗುಡಿಸಿಲ್ಲ, ಅಷ್ಟು ಗೊತ್ತಾಯ್ತು. ಅವನು ಬರೀ ಸೋಮಾರಿಯೋ, ಕಳ್ಳನೋ, ಅದು ಗೊತ್ತಾಗಲಿಲ್ಲ. ಸೋಮಾರಿ ಆದರೆ ಬೈದು ಬಿಡೋಣ. ಸೂಜವ್ವಾ, ನಿನ್ನ ಬಿಲದ ಹತ್ತಿರಾನೂ ಸುರಂಗಕ್ಕೆ ಒಂದು ಬಾಯಿ ಇದೆಯಲ್ಲ?"

"ಇದೆ. ನಾನು ಆ ಕಡೆ ಹೋಗಲ್ಲ. ಯಾಕೆ?"

"ನಾಳೆ ನೀನು ನೀರಿಗೆ ಹೋಗಬೇಡ. ಬಿಲದ ಬಾಗಿಲಿಗೆ ಬೆನ್ನು ಹಾಕಿ ಮಲಗು."

ಸೂಜವ್ವ ಅವಳ ಮುಖ ನೋಡಿದಳು. ಆಮೇಲೆ ಅವಳ ಮುಳ್ಳುಗಳೆಲ್ಲ ಒಮ್ಮೆ ಝಲ್ಲೆಂದವು. ನಗು ಅದು.

ಹೊನ್ನಿ ಮರಿಗಳನ್ನು ಕಲ್ಲುಹಾಸಿನ ಮೇಲೆ ನಡೆಸಿಕೊಂಡು ಹೋಗಿ ಬೇರೆ ಪೊದೆಯಲ್ಲಿ ಬಚ್ಚಿಟ್ಟಳು. ಕಲ್ಲಿನ ಮೇಲೆ ಹೆಜ್ಜೆ ನಿಲ್ಲುವುದಿಲ್ಲ. ಬೆಳಗಿನ ಜಾವ ಸುರಂಗದೊಳಗೆ ಹೋದಳು. ಸೂಜವ್ವನ ಕಡೆಯ ಬಾಯಿಗೆ ಹೋದಳು, ಬಂದಳು, ಮತ್ತೆ ಹೋದಳು. ಪ್ರತಿ ಹೆಜ್ಜೆಯನ್ನೂ ಗೋಡಿನಲ್ಲಿ ಊರಿ ಇಟ್ಟಳು. ಹೊರಗಿನಿಂದ ಅವಳನ್ನು ನೋಡಿದವರು ಯಾರೂ ಇಲ್ಲ.

ದಾರಿಯಲ್ಲಿ ಕಸ್ತೂರಪ್ಪ ಸಿಕ್ಕಿದ.

"ಏನು ಹೊನ್ನಕ್ಕಾ, ಇಷ್ಟು ಬೇಗ?"

"ಮನೆ ಬದಲಾಯಿಸಿದೆ ಕಣಪ್ಪಾ. ಎಲ್ಲಿ ಅಂತ ಮಾತ್ರ ಕೇಳಬೇಡ."

"ಅಯ್ಯೋ, ನಾನ್ಯಾಕೆ ಕೇಳಲಿ? ಕೇಳೋದು ನನ್ನ ಜಾಯಮಾನದಲ್ಲೇ ಇಲ್ಲ," ಎಂದ ಕಸ್ತೂರಪ್ಪ.

ನಿಜ. ಅವನು ಕೇಳುವ ಅಗತ್ಯವೇ ಇರಲಿಲ್ಲ.

ಅಂದು ಸಂಜೆ ಎಲ್ಲರೂ ಹೊಂಡದ ಬಳಿ ಇದ್ದರು. ಹೊನ್ನಿಯೂ ಇದ್ದಳು, ಕಸ್ತೂರಪ್ಪನೂ ಇದ್ದ. ಬಂಡೆಯ ಮೇಲೆ ಕೆಂಚ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಕಾಡಿನ ಕಡೆಯಿಂದ ಒಂದು ಕೂಗು ಎದ್ದಿತು. ಜೊಂಡಿನಲ್ಲಿದ್ದ ಕಪ್ಪೆಗಳು ಕೂಡ ಬಾಯಿ ಮುಚ್ಚಿದವು. ಕೆಂಚ ಬಯಲಿನಲ್ಲಿ ಓಡಿ ಬರುತ್ತಿದ್ದ. ಮೂತಿಯ ತುಂಬ ಮುಳ್ಳು. ಬೀಳುತ್ತಿದ್ದ, ಏಳುತ್ತಿದ್ದ, ಮೂತಿಯನ್ನು ನೆಲಕ್ಕೆ ತಿಕ್ಕುತ್ತಿದ್ದ. ನೋವಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ನೋಡಲಿಲ್ಲ.

"ಲೋ ಕಸ್ತೂರಿ! ಮೊಲದ ಹೆಜ್ಜೆ ಅಲ್ಲಿಗೇ ಹೋಗಿದೆ ಅಂದೆಯಲ್ಲೋ! ಮೂರು ಮರಿ, ಅರ್ಧ ನಿನಗೆ ಅರ್ಧ ನನಗೆ ಅಂದೆಯಲ್ಲೋ! ಮುಳ್ಳುಹಂದಿ ನೀರಿಗೆ ಹೋಗಿರ್ತಾಳೆ ಅಂತ ಅವಳ ಬಿಲಕ್ಕೇ ಕಳಿಸಿದೆಯಲ್ಲೋ ಪಾಪಿ!"

ಕೆಂಚ ಕೂಗುತ್ತ ಕೂಗುತ್ತ ದಿಬ್ಬ ಹತ್ತಿ ಮರೆಯಾದ. ಎಲ್ಲರೂ ಕಸ್ತೂರಪ್ಪನ ಕಡೆ ತಿರುಗಿದರು.

"ನಾನು ಸುಳ್ಳು ಹೇಳಲಿಲ್ಲ," ಎಂದ ಕಸ್ತೂರಪ್ಪ. "ಬಾಗಿಲು ಗುಡಿಸ್ತೀನಿ ಅಂದೆ, ಗುಡಿಸಿದೆ. ಒಳಗಿನ ಮಾತು ನಾನು ಎತ್ತಿದ್ದೆನಾ? ಬಿಟ್ಟಿ ಬೇರೆ ಕೊಟ್ಟೆ. ಬಿಟ್ಟಿ ತಿಂದು ನನ್ನನ್ನೇ ಬೈತೀರಾ?"

"ನಾವು ಬಿಟ್ಟಿ ಓಡಾಡಲಿಲ್ಲ," ಎಂದಳು ಗಂಗವ್ವ. ಅವತ್ತು ಅವಳು ಕೂಗಲಿಲ್ಲ. ಮೆಲ್ಲಗೆ ಹೇಳಿದಳು. "ನನ್ನ ಮೊಟ್ಟೆ ಕೊಟ್ಟೆ."

ಹೊನ್ನಿ ಅವಳ ಪಕ್ಕಕ್ಕೆ ಹೋಗಿ ನಿಂತಳು. "ತಪ್ಪಾಯ್ತು ಗಂಗವ್ವಾ. ನಿನ್ನ ಬಾಯಿಗೆ ಬೈದೆ. ಸುರಂಗದ ನೆಲ ನೋಡಬೇಕಾಗಿತ್ತು."

ಕಸ್ತೂರಪ್ಪ ಹಿಂದೆ ಸರಿದ. ಹಿಂದೆ ಸೂಜವ್ವ ಬಂದು ನಿಂತಿದ್ದಳು. ಕಸ್ತೂರಪ್ಪ ಪಕ್ಕದ ಜೊಂಡಿನೊಳಗೆ ಹಾರಿ ಮರೆಯಾದ. ಆ ಕಾಡಿನಲ್ಲಿ ಮತ್ತೆ ಆ ಪರಿಮಳ ಬರಲಿಲ್ಲ.

ಹೊನ್ನಿಯೇ ಗುಡ್ಡಕ್ಕೆ ಹೋಗಿ ಚಿಪ್ಪಜ್ಜನನ್ನು ಕರೆತಂದಳು. ಅವನು ನಿಧಾನವಾಗಿ ಸುರಂಗದ ಒಳಗೆಲ್ಲ ಓಡಾಡಿದ. ಗೋಡನ್ನು ಮೂಸಿದ. ಹೊರಗೆ ಬಂದು ಬಾಗಿಲಿಗೆ ಸಿಕ್ಕಿಸಿದ್ದ ಚಿಪ್ಪನ್ನು ಉಗುರಿನಿಂದ ಕಿತ್ತು ಹಾಕಿದ.

"ಅಜ್ಜಾ, ನಿನ್ನ ಚಿಪ್ಪು ನೋಡಿ ನಂಬಿದೆವು," ಎಂದಳು ಹೊನ್ನಿ.

"ಚಿಪ್ಪು ಬಿದ್ದುಹೋದ ವಸ್ತು," ಎಂದ ಚಿಪ್ಪಜ್ಜ. "ನಿಮ್ಮನ್ನು ಕಾಯ್ತಿದ್ದದ್ದು ಬಾಲ. ಅದು ನನ್ನ ಜೊತೆ ಬಂತು."

ಕಿತ್ತ ಚಿಪ್ಪನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ ಹೇಳಿದ. "ಯಾರ ಕೈಗೆ ಕೊಟ್ಟೆ ಅಂತ ನಾನೂ ನೋಡಲಿಲ್ಲ. ಹುತ್ತ ನೋಡಿದೆ."

"ಇಲ್ಲೇ ಇದ್ದುಬಿಡು ಅಜ್ಜಾ."

"ಆಗಲ್ಲ. ಕಾಲು ಸೋತಿದೆ. ಬೇರೆಯವರನ್ನು ಕೂರಿಸಿ."

ಎಲ್ಲರೂ ಸೂಜವ್ವನ ಕಡೆ ನೋಡಿದರು. ಅವಳು ಬೇಗ ಒಪ್ಪಲಿಲ್ಲ.

"ಕೂರ್ತೀನಿ. ದಿನಾ ಮುಳ್ಳು ಎಳೆದು ಒಳಗೆಲ್ಲ ಗುಡಿಸ್ತೀನಿ," ಎಂದಳು ಕೊನೆಗೆ. "ಮೂರು ಮಾತು. ಗೋಡುಮಣ್ಣೆಲ್ಲ ಹೊರಗೆ ಎಳೆದು ಹಾಕಬೇಕು, ನೆಲ ಒರಟಾಗೇ ಇರಲಿ. ಬಿಟ್ಟಿ ಇಲ್ಲ, ಎಲ್ಲಿ ಗೆಡ್ಡೆ ಕಂಡರೂ ನನಗೆ ಹೇಳಬೇಕು. ನನ್ನನ್ನೂ ಸುಮ್ಮನೆ ನಂಬಬೇಡಿ. ದಿನಾ ನಿಮ್ಮಲ್ಲಿ ಒಬ್ಬರು ಒಳಗೆ ಬಂದು ನೆಲ ತಡವಿ ನೋಡಿ. ಹೇಳದೆ ಬನ್ನಿ."

ಚಿಪ್ಪಜ್ಜ ತಲೆಯಾಡಿಸಿದ. ಅವನು ಯಾರನ್ನೂ ಹೊಗಳಿದವನಲ್ಲ. ಅವತ್ತು ಮಾತ್ರ ಹೊನ್ನಿಯ ಕಡೆ ತಿರುಗಿ ಹೇಳಿದ. "ಸುರಂಗ ತೋಡಿದ್ದು ನಾನು. ಕಾಪಾಡಿದವಳು ನೀನು." ಅಷ್ಟು ಹೇಳಿ ಬಾಲ ಎಳೆಯುತ್ತ ಗುಡ್ಡದ ದಾರಿ ಹಿಡಿದ.

ಮೊದಲ ಸರದಿ ಹೊನ್ನಿಯದು. ಕಿರಿಯ ಮರಿಯೂ ಜೊತೆಗೆ ಬಂದಿತು. ಹರಿದ ಕಿವಿ ಒಣಗಿತ್ತು. ಅಮ್ಮ ಕತ್ತಲಲ್ಲಿ ನೆಲ ತಡವುವುದನ್ನು ನೋಡಿ ಕೇಳಿತು.

"ಅಮ್ಮಾ, ಸೂಜವ್ವ ಒಳ್ಳೆಯವಳಲ್ವಾ?"

"ಒಳ್ಳೆಯವಳೇ."

"ಮತ್ತೆ ಯಾಕೆ ನೋಡ್ತೀಯ?"

"ಒಳ್ಳೆಯವಳು. ಅದಕ್ಕೇ ನೋಡೋಕೆ ಬಿಡ್ತಾಳೆ," ಎಂದಳು ಹೊನ್ನಿ.

ಅವಳ ಎರಡೂ ಕಿವಿ ಮತ್ತೆ ನೆಟ್ಟಗಾದವು. ಪಕ್ಕದಲ್ಲಿ ಒಂದೂವರೆ ಕಿವಿ ನೆಟ್ಟಗಾಯಿತು.

ನೀತಿ: ಒಡೆಯ ಬದಲಾದರೆ ಹಳೆಯ ಹೆಸರನ್ನು ನಂಬಿ ಕೂರಬೇಡಿ, ಹೊಸಬನ ಕೆಲಸವನ್ನು ಒಳಹೊಕ್ಕು ನೋಡಿ, ಆಮೇಲೆ ನಂಬಿ.